‘ಕೂಡಲೇ’ ಎಂದರೆ ಎಷ್ಟು ಗಂಟೆಗೆ?

ಹಿಂದಿನ ಸಂಚಿಕೆಯ ಪತ್ರ: ರಾತ್ರಿ ಹನ್ನೊಂದಕ್ಕೆ ನನ್ನ ತಮ್ಮನನ್ನು ಠಾಣೆಗೆ ಕರೆದೊಯ್ದರು. ಬೆಳಗಿನ ಜಾವ ಐದೂವರೆಗೆ ಫೋನ್ ಬಂತು. ‘ಎದೆನೋವು ಅಂದ, ಕೂಡಲೇ ಆಸ್ಪತ್ರೆಗೆ ಸಾಗಿಸಿದೆವು’ ಎನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ‘ಕರೆತರುವಾಗಲೇ ಮೃತ’ ಎಂದಿದೆ. ಮಣ್ಣು ಮಾಡಿ ಹದಿನೆಂಟು ದಿನವಾಯಿತು. ಅವನನ್ನು ಉಳಿಸಲು ಯಾರಾದರೂ ಏನಾದರೂ ಮಾಡಿದರೇ? ಯಾರನ್ನು, ಏನೆಂದು ಕೇಳಲಿ?

●

ತಂಗಿ, ನಾನು ಇಪ್ಪತ್ತೆರಡು ವರ್ಷದಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ಪತ್ರ ಓದಿದೆ, ನಿದ್ದೆ ಹತ್ತಲಿಲ್ಲ.

‘ಕೂಡಲೇ’ ಎಂಬ ಮಾತನ್ನು ಒಪ್ಪಿಕೊಳ್ಳಬೇಡಿ. ಮೂರು ವೇಳೆ ಕೇಳಿ. ನಿಮ್ಮ ತಮ್ಮ ಕೊನೆಯ ಸಲ ಮಾತಾಡಿದ್ದು ಎಷ್ಟು ಗಂಟೆಗೆ? ಮಿಸುಕಾಡುತ್ತಿಲ್ಲವೆಂದು ಕಂಡದ್ದು ಎಷ್ಟು ಗಂಟೆಗೆ? ಆಸ್ಪತ್ರೆ ಬಾಗಿಲಿಗೆ ಬಂದದ್ದು ಎಷ್ಟು ಗಂಟೆಗೆ? ಹೃದಯ ನಿಂತ ನಾಲ್ಕೈದು ನಿಮಿಷದಲ್ಲೇ ಮಿದುಳು ಸಾಯತೊಡಗುತ್ತದೆ. ಹಾಗಾಗಿ ಜೀಪಿಗೆ ಎತ್ತಿ ಹಾಕಿಕೊಂಡು ಓಡಿದೆವು ಎಂದರೆ ಸಾಲದು. ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಸಿ ಎದೆ ಒತ್ತಿದರೇ? ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತಬೇಕು. ಅದಕ್ಕೆ ಡಾಕ್ಟರೇ ಆಗಬೇಕಿಲ್ಲ, ಕಲಿತ ಎರಡು ಕೈ ಸಾಕು. ಒತ್ತಿದವರು ಯಾರು, ಹೆಸರು ಹೇಳಲಿ. 108ಕ್ಕೆ ಕರೆ ಹೋಗಿತ್ತೇ? ಹೋಗಿದ್ದರೆ ಕರೆ ಬಂದ ವೇಳೆ ಅಲ್ಲಿ ದಾಖಲಾಗಿರುತ್ತದೆ.

ಇನ್ನು ಆಸ್ಪತ್ರೆಯದು. ಉಸಿರಿಲ್ಲದೆ ಬಂದವರಿಗೂ ನಾವು ಇಸಿಜಿ ಹಚ್ಚಿ ನೋಡುತ್ತೇವೆ. ಅದರ ಕಾಗದದ ಪಟ್ಟಿಯ ಮೇಲೆ ಸಾಮಾನ್ಯವಾಗಿ ಯಂತ್ರವೇ ವೇಳೆ ಮುದ್ರಿಸಿರುತ್ತದೆ. ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಪ್ರಕರಣವಾಗಬಹುದಾದವರ ವಿವರ ಬರೆಯುವ ಆಸ್ಪತ್ರೆ ಪುಸ್ತಕ) ಯಾರು ಕರೆತಂದರು, ಮೈ ಬಿಸಿಯಿತ್ತೇ, ದವಡೆ ಸೆಟೆದಿತ್ತೇ, ಬೆನ್ನಿನ ಕಡೆ ರಕ್ತ ಇಳಿದು ಕಲೆಗಟ್ಟಿತ್ತೇ ಎಂಬುದನ್ನು ಬರೆದಿರಬೇಕು. ದವಡೆ ಸೆಟೆಯುವುದು ಜೀವ ಹೋದ ತಕ್ಷಣ ಅಲ್ಲ, ಗಂಟೆಗಳು ಕಳೆದ ಮೇಲೆ. ಬಂದಾಗಲೇ ಸೆಟೆದಿತ್ತು ಎಂದಾದರೆ ಅವರ ‘ಕೂಡಲೇ’ ಅಲ್ಲಿಗೇ ಬಿದ್ದುಹೋಗುತ್ತದೆ. ಎರಡೇ ಪದ ಗೀಚಿ ಕೈತೊಳೆದುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಅವರೊಡನೆ ನಾನು ಜಗಳವಾಡಿದ್ದೇನೆ, ನೀವೂ ಆಡಿ.

ಅವನು ಕುಡಿದಿದ್ದನೋ ಇಲ್ಲವೋ ನೀವು ಬರೆದಿಲ್ಲ. ಕುಡಿದಿದ್ದರೂ ಮುಚ್ಚಿಡಬೇಡಿ, ಅದರಲ್ಲಿ ನಾಚಿಕೆಯೇನಿಲ್ಲ. ಬಾಯಿಂದ ವಾಸನೆ ಬಂದರೆ ಸಾಕು, ಗೊರಕೆ ಹೊಡೆಯುವವನನ್ನು ‘ಮಲಗಲಿ ಬಿಡು’ ಎಂದು ಬಿಟ್ಟುಬಿಡುತ್ತಾರೆ. ತಲೆಯೊಳಗೆ ರಕ್ತ ಸೋರುತ್ತಿದ್ದರೂ, ರಕ್ತದ ಸಕ್ಕರೆ ಕುಸಿದಿದ್ದರೂ ಮನುಷ್ಯ ಹಾಗೆಯೇ ತೊದಲುತ್ತಾನೆ, ಹಾಗೆಯೇ ಮಲಗುತ್ತಾನೆ. ಬೆರಳು ಚುಚ್ಚಿ ಸಕ್ಕರೆ ನೋಡಲು ಒಂದು ನಿಮಿಷವೂ ಬೇಡ. ಆ ರಾತ್ರಿ ಆಗಾಗ ಯಾರಾದರೂ ತಟ್ಟಿ ಎಬ್ಬಿಸಿ ನೋಡಿದರೇ? ಇದನ್ನು ಬಿಡದೆ ಕೇಳಿ.

– ಒಬ್ಬ ಶುಶ್ರೂಷಕಿ

●

ತಾಯಿ, ನಾನು ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಸ್ಟೇಷನ್ ಹೌಸ್ ಡೈರಿ, ಸೆಂಟ್ರಿ (ಪಹರೆಯವ) ಬದಲಾದ ವೇಳೆ, ಜೀಪಿನ ಲಾಗ್‌ಬುಕ್, ಈ ಮೂರನ್ನೂ ಕೇಳಿ. ಡೈರಿಯಲ್ಲಿ ಒಂದು ವೇಳೆ, ಲಾಗ್‌ಬುಕ್ಕಿನಲ್ಲಿ ಇನ್ನೊಂದು ವೇಳೆ ಇದ್ದರೆ ಅಲ್ಲೇ ನಿಮ್ಮ ಪ್ರಶ್ನೆ. ಒಂದು ರಾತ್ರಿ ಲಾಕಪ್ಪಿನಲ್ಲಿ ಒಬ್ಬ ವಾಂತಿ ಮಾಡಿಕೊಂಡು ಬಿದ್ದಿದ್ದ. ‘ನಾಟಕ’ ಎಂದರು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು ಎಂಬಷ್ಟೂ ನನಗೆ ಆಗ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಉಳಿದ. ಉಳಿಸಿದ್ದು ನಾವಲ್ಲ.

– ಹೆಸರು ಬೇಡ

●

ನಿಮ್ಮ ಕೈಯಲ್ಲಿರುವ ಹಕ್ಕುಗಳು ಇವು. ‘ಬಂಧಿಸಿರಲಿಲ್ಲ, ವಿಚಾರಣೆಗೆ ಕರೆಸಿದ್ದೆವು’ ಎಂದು ಹೇಳಿಯಾರು. ಬಂಧನ, ತನಿಖೆಯ ಕ್ರಮ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂ ನೋಡುವುದು ಪೊಲೀಸರ ವಶದಲ್ಲಿದ್ದನೇ ಎಂಬುದನ್ನು. ವಶದಲ್ಲಿದ್ದಾಗ ಸತ್ತರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಲೇಬೇಕು. ಸಾಧ್ಯವಿರುವ ಕಡೆಯೆಲ್ಲ ಬಂಧುಗಳಿಗೆ ತಿಳಿಸಿ, ಹಾಜರಿರಲು ಬಿಡಬೇಕು. ನೀವು ಅಲ್ಲಿ ಕೂತು, ನರ್ಸ್ ಮೇಡಂ ಹೇಳಿದ ಮೂರು ವೇಳೆಯ ಪ್ರಶ್ನೆಗಳನ್ನು ಲಿಖಿತವಾಗಿ ಕೊಡಿ. ಅದೇ ಸಂಹಿತೆಯ 56ನೇ ಕಲಂ ಪ್ರಕಾರ ವಶದಲ್ಲಿರುವವನ ಆರೋಗ್ಯದ ಹೊಣೆ ಇಟ್ಟುಕೊಂಡವರದು. 53ನೇ ಕಲಂ ಪ್ರಕಾರ ಬಂಧನದ ಬೆನ್ನಿಗೇ ವೈದ್ಯರು ಪರೀಕ್ಷಿಸಬೇಕಿತ್ತು. ಆ ವರದಿ ಎಲ್ಲಿದೆ?

ಸಿಸಿಟಿವಿಗೆ ಇಂದೇ ಅರ್ಜಿ ಹಾಕಿ. ಠಾಣೆಗಳ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಆದರೂ ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದೀತು. ಯಾವ ದಿನದಿಂದ ಕೆಟ್ಟಿತ್ತು, ದುರಸ್ತಿಗೆ ಯಾವಾಗ ಬರೆದರು ಎಂದು ಕೇಳಿ. ಇಂಥ ಸಾವನ್ನು 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕೆಂಬ ಸೂಚನೆ 1993ರಿಂದಲೂ ಇದೆ. ಶವಪರೀಕ್ಷೆಯನ್ನು ವಿಡಿಯೊ ಮಾಡಬೇಕೆಂದು ಆಯೋಗ 1995ರಲ್ಲೇ ರಾಜ್ಯಗಳಿಗೆ ಬರೆದಿದೆ. ನೀವೂ ಆಯೋಗಕ್ಕೆ ದೂರು ಕೊಡಬಹುದು, ಆದರೆ ಘಟನೆಯಾದ ಒಂದು ವರ್ಷದೊಳಗೆ. ಮಣ್ಣು ಮಾಡಿದ್ದೀರಿ, ಸುಟ್ಟಿಲ್ಲ. ಅಗತ್ಯವೆನಿಸಿದರೆ ಹೂತ ದೇಹವನ್ನು ತೆಗೆಸಿ ಪರೀಕ್ಷೆ ಮಾಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಉಚಿತ ನೆರವು ಸಿಗುತ್ತದೆ.

– ಒಬ್ಬ ವಕೀಲ

●

ಅಕ್ಕಾ, ನನ್ನ ಅಣ್ಣನೂ ಹೀಗೇ ಹೋದ. ಆ ದಿನ ಶವಾಗಾರದ ಮುಂದೆ ಕೊಟ್ಟ ಕಾಗದಕ್ಕೆಲ್ಲ ಅಪ್ಪ ರುಜು ಹಾಕಿದರು. ಪಂಚನಾಮೆಯಲ್ಲಿ ಏನು ಬರೆದಿತ್ತೆಂದು ನಾವು ಓದಿದ್ದು ಎಂಟು ತಿಂಗಳ ಮೇಲೆ. ನೀವೇನಾದರೂ ಸಹಿ ಮಾಡಿದ್ದರೆ ಈಗಲೇ ಅದರ ಪ್ರತಿ ಕೇಳಿ ಪಡೆಯಿರಿ.

ಒಂದು ನೋಟ್‌ಬುಕ್ ತನ್ನಿ. ಅವನನ್ನು ಕರೆದೊಯ್ದಾಗ ಹೇಗೆ ನಡೆದುಹೋದ, ಯಾವ ಅಂಗಿ ಹಾಕಿದ್ದ, ಯಾವ ಮಾತ್ರೆ ನುಂಗುತ್ತಿದ್ದ, ಯಾರ ಫೋನಿಗೆ ಎಷ್ಟು ಗಂಟೆಗೆ ಕರೆ ಬಂತು, ಎಲ್ಲ ಬರೆಯಿರಿ. ಅಮ್ಮನನ್ನೂ ಕೂರಿಸಿಕೊಂಡು ಬರೆಯಿರಿ. ನಮ್ಮಮ್ಮನಿಗೆ ಮಾತ್ರ ನೆನಪಿದ್ದ ಒಂದು ಸಂಗತಿ ಇತ್ತು: ಅಣ್ಣ ಹೊರಡುವಾಗ ಇನ್‌ಹೇಲರ್ ಕೇಳಿದ್ದ, ಅವಳು ಕೊಟ್ಟು ಕಳಿಸಿದ್ದಳು. ಠಾಣೆಯಿಂದ ವಾಪಸು ಬಂದ ವಸ್ತುಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ವಿಚಾರಣೆಯಲ್ಲಿ ನಾವು ಕೇಳಿದ ಮೊದಲ ಪ್ರಶ್ನೆ ಅದೇ.

– ತಂಗಿಯೊಬ್ಬಳು