ಕೊರಿಯನ್ ಧಾರಾವಾಹಿಯ ‘ಏಕವಚನ’ವನ್ನು ಕನ್ನಡ ಉಪಶೀರ್ಷಿಕೆಗೆ ತರುವುದು ಹೇಗೆ?

ಸಂಜೆಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2020ರ ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ನೋಡಲು ಹಿಡಿದ ಕೊರಿಯನ್ ಧಾರಾವಾಹಿಗಳು ಈಗ ನಮ್ಮ ಮನೆಯಲ್ಲಿ ರಾತ್ರಿಯ ಊಟದಷ್ಟೇ ಖಾಯಂ ಆಗಿವೆ. 16 ಅಥವಾ 20 ಕಂತುಗಳಲ್ಲಿ ಕತೆ ಮುಗಿದೇ ಮುಗಿಯುತ್ತದೆ ಎಂಬ ಭರವಸೆಯೇ ನನ್ನನ್ನು ಮೊದಲು ಸೆಳೆದದ್ದು. ಆಮೇಲೆ ಅಮ್ಮನೂ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದ ಕಾರಣ, ನಾನು ರಿಮೋಟ್ ಹಿಡಿದುಕೊಂಡು, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಹೀಗೆ ಹೇಳುವಾಗಲೇ ನನಗೊಂದು ವಿಚಿತ್ರ ಕಾಣಿಸಿತು. ಇಂಗ್ಲಿಷಿನಲ್ಲಿ ಅರ್ಥವೇ ಆಗದ ಸಿಟ್ಟು, ನಾಚಿಕೆ, ಮುನಿಸುಗಳು ಕನ್ನಡಕ್ಕೆ ಬಂದ ಕೂಡಲೇ ಸಲೀಸಾಗಿ ಅರ್ಥವಾಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ರಸ್ತೆಯಲ್ಲಿ ಎರಡು ಕಾರು ಉಜ್ಜಿಕೊಂಡು ಇಬ್ಬರು ಗಂಡಸರು ಇಳಿದು ವಾದಿಸುತ್ತಿದ್ದರು. ಒಬ್ಬ ಏನೋ ಎರಡು ಮಾತು ಆಡಿದ್ದೇ ತಡ, ಇನ್ನೊಬ್ಬನ ಮುಖ ಕೆಂಪಗಾಯಿತು. ‘ನೀನೇಕೆ ಒರಟಾಗಿ ವರ್ತಿಸುತ್ತಿದ್ದೀಯೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕೆಳಗೆ ಬಂತು. ಅಷ್ಟು ಹೊತ್ತಿಗೆ ‘ಬನ್‌ಮಲ್’ (ಮರ್ಯಾದೆಯ ಬಾಲವಿಲ್ಲದ ಸಲಿಗೆಯ ಮಾತು) ಎಂಬ ಪದ ನನ್ನ ಕಿವಿಗೆ ಪರಿಚಯವಾಗಿದ್ದರಿಂದ, “ಏಕವಚನದಲ್ಲಿ ಯಾಕ್ರೀ ಮಾತಾಡ್ತೀರಿ ಅಂತಿದ್ದಾನಮ್ಮ” ಎಂದೆ. ಅಮ್ಮ ಬಿದ್ದು ಬಿದ್ದು ನಕ್ಕು, “ಹಂಗನ್ನು ಮತ್ತೆ, ನಮ್ಮ ಬಸ್‌ಸ್ಟ್ಯಾಂಡ್ ಜಗಳ” ಎಂದರು.

ಈಗ ಅಮ್ಮನೊಬ್ಬರಿಗಾಗಿಯೇ, ಮನೆಯೊಳಗಿನ ಉಪಯೋಗಕ್ಕೆ ಮಾತ್ರ, ‘ಮಿಸೆಂಗ್’ ಧಾರಾವಾಹಿಯ ಕೆಲವು ಕಂತುಗಳಿಗೆ ಕನ್ನಡ ಉಪಶೀರ್ಷಿಕೆ ಬರೆಯಬೇಕೆಂದು ಹೊರಟಿದ್ದೇನೆ. ಆಮೇಲೆ ಸಾಧ್ಯವಾದರೆ ‘ರಿಪ್ಲೈ 1988’. ನನ್ನ ತೊಡಕುಗಳು ಎರಡು. ಕೊರಿಯನ್ನರು ‘ನೀವು’ ಎಂಬ ಪದವನ್ನೇ ಹೆಚ್ಚು ಬಳಸುವುದಿಲ್ಲ, ಮರ್ಯಾದೆಯೆಲ್ಲ ವಾಕ್ಯದ ಕೊನೆಯಲ್ಲಿ ಬರುವ ‘ಯೊ’ದಲ್ಲಿದೆ, ಮಳೆ ಬರುತ್ತಿದೆ ಎಂಬ ಮಾತಿಗೂ ಅದು ಅಂಟಿಕೊಳ್ಳುತ್ತದೆ. ಅದನ್ನು ಕನ್ನಡದಲ್ಲಿ ಎಲ್ಲಿ ತೋರಿಸಲಿ? ಎರಡನೆಯದು, ನೀವೆಲ್ಲ ಊಹಿಸಿರುವ ಹಾಗೆ, ‘ಒಪ್ಪಾ’. ಅಣ್ಣ ಎಂಬ ಅರ್ಥದ ಈ ಪದದಿಂದಲೇ ಹುಡುಗಿಯರು ಪ್ರಿಯಕರನನ್ನೂ ಕರೆಯುತ್ತಾರೆ. ‘ಅಣ್ಣಾ’ ಎಂದು ಬರೆದರೆ ಪ್ರೇಮಕತೆ ಅಲ್ಲಿಗೇ ಮುಗಿಯುತ್ತದೆ. ‘ಒಪ್ಪಾ’ ಎಂದೇ ಉಳಿಸಿದರೆ, “ಅವಳು ಏನನ್ನ ಒಪ್ಕೊಳ್ಳಪ್ಪಾ ಅಂತಿದ್ದಾಳೆ?” ಎಂದು ಅಮ್ಮ ಕೇಳುತ್ತಾರೆ. ಕೇಳಿಯೂ ಆಗಿದೆ.

ಕೆರೆದಂಡೆ

ನಿಮ್ಮ ಮೊದಲನೆಯ ತೊಡಕಿಗೆ ಧಾರವಾಡದ ಕಡೆಯವನಾದ ನಾನು ಉತ್ತರ ಹೇಳಲೇಬೇಕು, ಏಕೆಂದರೆ ಆ ‘ಯೊ’ ನಮ್ಮ ಮನೆಯ ಮಾತಿನಲ್ಲಿ ದಿನವಿಡೀ ಓಡಾಡುತ್ತದೆ. ‘ಹೌದ್ರಿ’, ‘ಇಲ್ರಿ’, ‘ಮಳಿ ಬರಾಕತ್ತೈತ್ರಿ’, ‘ನಮ್ಮವ್ವ ಊರಿಗೆ ಹೋಗ್ಯಾಳ್ರಿ’ ಎನ್ನುವಾಗ ಆ ‘ರಿ’ ಮಳೆಗೂ ಅಲ್ಲ, ಅವ್ವನಿಗೂ ಅಲ್ಲ. ಎದುರಿಗೆ ನಿಂತು ಕೇಳುತ್ತಿರುವವರಿಗೆ ಸಲ್ಲುವ ಮರ್ಯಾದೆ. ಕೊರಿಯನ್ನಿನ ‘ಯೊ’ ಮಾಡುವುದು ಇದೇ ಕೆಲಸವನ್ನು. ಹಳೇ ಮೈಸೂರಿನವರಿಗೂ ಇದು ಹೊಸದೇನಲ್ಲ: ‘ಮಳೆ ಬರ್ತಿದೆ ಕಣ್ರೀ’ ಎಂದರೆ ಒಂದು, ‘ಮಳೆ ಬರ್ತಿದೆ ಕಣೋ’ ಎಂದರೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಳೆ. ಆದ್ದರಿಂದ ಗ್ರಾಂಥಿಕ ಕನ್ನಡದಲ್ಲಿ ‘ನೀವು’ ತುರುಕುವ ಜಾಗ ಹುಡುಕಬೇಡಿ, ಆಡುಮಾತಿನ ಬಾಲವನ್ನು ಹಿಡಿಯಿರಿ. ಎರಡಕ್ಷರದಲ್ಲಿ ಕೆಲಸ ಮುಗಿಯುತ್ತದೆ.

ಇನ್ನೊಂದು ಅನುಕೂಲವನ್ನೂ ಗಮನಿಸಿ. ಕೊರಿಯನ್ನರು ‘ನನ್ನ’ ಎನ್ನುವಲ್ಲೆಲ್ಲ ‘ಊರಿ’, ಅಂದರೆ ‘ನಮ್ಮ’ ಎನ್ನುತ್ತಾರೆ: ನಮ್ಮಮ್ಮ, ನಮ್ಮನೆ, ಕೊನೆಗೆ ಗಂಡನೂ ‘ನಮ್ಮ’ ಗಂಡ. ಇಂಗ್ಲಿಷಿನವರು ಇದನ್ನು ಗತ್ಯಂತರವಿಲ್ಲದೆ ‘ನನ್ನ’ ಎಂದು ತಿದ್ದುತ್ತಾರೆ. ‘ನಮ್ಮನೆಯವರು’ ಎಂದು ಗಂಡನನ್ನು ಕರೆಯುವ ನಾಡಿನಲ್ಲಿ ತಿದ್ದುವ ಅಗತ್ಯವೇ ಇಲ್ಲ. ನೀವು ಆರಿಸಿಕೊಂಡ ‘ಮಿಸೆಂಗ್’ನಲ್ಲಿ ಇದೇ ‘ಊರಿ’ಯ ಮೇಲೆ ನಿಂತ ದೃಶ್ಯವೊಂದಿದೆ. ‘ಬದುಕ್’ ಎಂಬ, ಕಪ್ಪು ಬಿಳಿ ಕಲ್ಲುಗಳ ಮಣೆಯಾಟದಲ್ಲಿ (‘ಗೋ’) ವೃತ್ತಿಪರ ಆಟಗಾರನಾಗಲು ಹೋಗಿ ಸೋತು, ಕಾಲೇಜು ಪದವಿಯೂ ಇಲ್ಲದೆ ವ್ಯಾಪಾರ ಕಂಪನಿಯೊಂದಕ್ಕೆ ಇಂಟರ್ನ್ ಆಗಿ ಬಂದ ಜಂಗ್ ಗರೇಯನ್ನು ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಅವನ ಮೇಲಧಿಕಾರಿ ಓ ಸಂಗ್‌ಶಿಕ್ ಒಂದು ರಾತ್ರಿ ಕುಡಿದ ಅಮಲಿನಲ್ಲಿ ಬೇರೆ ವಿಭಾಗದವನೊಡನೆ ಜಗಳಕ್ಕೆ ನಿಂತು, ನಿಮ್ಮ ಹುಡುಗನಿಂದಾಗಿ ನಮ್ಮ ಹುಡುಗ ಬೈಸಿಕೊಂಡ ಎಂದುಬಿಡುತ್ತಾನೆ. ಹುಡುಗ ಆ ‘ನಮ್ಮ’ ಎಂಬ ಒಂದು ಮಾತನ್ನು ಹಿಡಿದುಕೊಂಡೇ ಮನೆಗೆ ಹೋಗುತ್ತಾನೆ. ಅದನ್ನು ಇಂಗ್ಲಿಷ್ ಸಾಲಿನಲ್ಲಿ ಓದಿದಾಗ ನನಗೆ ಅಷ್ಟೇನೂ ತಟ್ಟಿರಲಿಲ್ಲ. ‘ನಮ್ಮ ಹುಡುಗ’ ಎಂದು ಮನಸ್ಸಿನಲ್ಲೇ ಹೇಳಿಕೊಂಡಾಗ ಗಂಟಲು ಕಟ್ಟಿತು.

ಅಪ್ಪ ಎಂಬ ಪದ ಅಲ್ಲಿಯೂ ‘ಅಪ್ಪಾ’ ಎಂದೇ ಇರುವುದನ್ನು ಕಂಡು ಉಬ್ಬಿಹೋಗಬೇಡಿ ಎಂದು ಮಾತ್ರ ಎಚ್ಚರಿಸುತ್ತೇನೆ. 1905ರಷ್ಟು ಹಿಂದೆಯೇ ಹೋಮರ್ ಹಲ್ಬರ್ಟ್ ಎಂಬಾತ ಕೊರಿಯನ್ನಿಗೂ ದ್ರಾವಿಡ ನುಡಿಗಳಿಗೂ ಸಂಬಂಧ ಕಟ್ಟಿ ಪುಸ್ತಕ ಬರೆದ. ಇಂದಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಅಪ್ಪ, ಅಮ್ಮನಂಥ ಎಳೆಮಕ್ಕಳ ತೊದಲು ಪದಗಳು ಲೋಕದ ಎಷ್ಟೋ ಭಾಷೆಗಳಲ್ಲಿ ಹೋಲುತ್ತವೆ.

ಹಳೇರೀಲು

ಧಾರಾವಾಹಿಗಳನ್ನು ನಾನು ನೋಡುವುದು ಕಡಿಮೆ; ನನ್ನದು ಒಜು, ಕುರೊಸಾವರ ಕಾಲದ ಜಪಾನಿ ಸಿನಿಮಾಗಳ ಹುಚ್ಚು. ಆದರೂ ಉಪಶೀರ್ಷಿಕೆಯ ಬಗ್ಗೆ ಎರಡು ಮಾತು ಹೇಳಬಹುದೆನಿಸಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಲೋಕದ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯ ಜನರ ಮುಂದಿಟ್ಟ ಕತೆ ನಿಮಗೆ ಗೊತ್ತಿರುತ್ತದೆ. ಉಪಶೀರ್ಷಿಕೆ ಓದಲಾಗದವರೂ ಸಿನಿಮಾ ನೋಡಬಲ್ಲರು ಎಂಬ ನಂಬಿಕೆ ಅದರ ಹಿಂದಿತ್ತು, ನನಗೂ ಆ ನಂಬಿಕೆಯಿದೆ. ಆದ್ದರಿಂದ ನನ್ನ ಮೊದಲ ಸಲಹೆ, ಕಡಿಮೆ ಬರೆಯಿರಿ ಎಂಬುದು. ಎರಡು ಸಾಲಿಗಿಂತ ಹೆಚ್ಚು ಬೇಡ. ಒಂದು ಸಾಲು ಪರದೆಯ ಮೇಲೆ ಆರೇಳು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದೂ ಬೇಡ. ‘ಮಾತನಾಡುತ್ತಿದ್ದೀರಿ’ ಎಂಬ ಒಂದು ಪದಕ್ಕೇ ಅರ್ಧ ಸಾಲು ಹೋಗುತ್ತದೆ, ‘ಮಾತಾಡ್ತಿದ್ದೀರಿ’ ಎಂದರೆ ಸಾಕು. ಅಮ್ಮ ಅಕ್ಷರ ಓದುವುದರಲ್ಲೇ ಮುಳುಗಿದರೆ ನಟರ ಮುಖ ನೋಡುವುದು ಯಾವಾಗ?

ಎರಡನೆಯದು ವಾಕ್ಯದ ಕ್ರಮ. ಜಪಾನಿ, ಕೊರಿಯನ್ ಭಾಷೆಗಳಲ್ಲಿ ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. ನಟ ‘ನಾನು ನಿನ್ನನ್ನು...’ ಎಂದು ನಿಲ್ಲಿಸಿ, ಉಸಿರೆಳೆದು, ಆಮೇಲೆ ‘ಕ್ಷಮಿಸಲಾರೆ’ ಎನ್ನುತ್ತಾನೆ. ಇಂಗ್ಲಿಷ್ ಸಾಲು ಅವನು ಬಾಯಿ ತೆರೆಯುವಷ್ಟರಲ್ಲೇ ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಕನ್ನಡದಲ್ಲಿ ಆ ನಿಲುಗಡೆಯನ್ನು ಹಾಗೆಯೇ ಕಾಪಾಡಬಹುದು. ಉಪಶೀರ್ಷಿಕೆಯ ಸಾಲು, ಸಮಯಗಳನ್ನು ಬರೆದಿಡುವ ಎಸ್‌ಆರ್‌ಟಿ ಕಡತದಲ್ಲಿ ಆ ಮಾತನ್ನು ಎರಡು ತುಂಡು ಮಾಡಿ ಎರಡು ಬೇರೆ ಸಮಯ ಕೊಟ್ಟರೆ ಆಯಿತು. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಲು ಮರೆಯಬೇಡಿ, ಇಲ್ಲದಿದ್ದರೆ ಟಿವಿಯಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸುತ್ತದೆ.

‘ಒಪ್ಪಾ’ದಂಥ ಪದಗಳನ್ನು ಉಳಿಸುವುದು ನನಗೆ ಒಪ್ಪಿಗೆಯಿಲ್ಲ (ಶ್ಲೇಷೆ ಉದ್ದೇಶಪೂರ್ವಕವಲ್ಲ). ಅನುವಾದವೆಂದ ಮೇಲೆ ಪೂರ್ತಿ ಅನುವಾದಿಸಬೇಕು. ಅತ್ತೆಯ ಮಗನನ್ನೋ ಮಾವನ ಮಗನನ್ನೋ ‘ಭಾವ’ ಎಂದು ಕರೆದು ಅವನನ್ನೇ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ‘ಭಾವ’ ಎಂದು ಹಾಕಿ ನೋಡಿ.

ಹಾನ್ ನದಿಯ ಕನ್ನಡಿಗ

ಸಂಶೋಧನೆಯ ನೆಪದಲ್ಲಿ ಆರು ವರ್ಷಗಳಿಂದ ಕೊರಿಯಾದಲ್ಲಿರುವುದರಿಂದ ‘ಹಳೇರೀಲು’ ಅವರ ‘ಭಾವ’ನನ್ನು ವಿನಯದಿಂದ ನಿರಾಕರಿಸುತ್ತೇನೆ. ಭಾವ ಎಂದೊಡನೆ ನಮ್ಮ ಕಿವಿಗೆ ನಂಟಸ್ತಿಕೆ, ಮದುವೆಯ ಮಾತುಕತೆ ಎಲ್ಲವೂ ಕೇಳಿಸುತ್ತವೆ. ಕೊರಿಯನ್ ಹುಡುಗಿಗೆ ‘ಒಪ್ಪಾ’ ತನಗಿಂತ ದೊಡ್ಡವನಾದ ಯಾವ ಆಪ್ತನೂ ಆಗಬಹುದು, ಅವನು ಒಡಹುಟ್ಟಿದವನಾಗಿರಬಹುದು, ಕಾಲೇಜಿನ ಹಿರಿಯನಾಗಿರಬಹುದು, ನೆಚ್ಚಿನ ಗಾಯಕನೂ ಆಗಿರಬಹುದು. ಹುಡುಗರು ಅಣ್ಣನನ್ನು ಕರೆಯುವುದು ‘ಹ್ಯೊಂಗ್’ ಎಂದು. ಅಕ್ಕನಿಗೂ ಹೀಗೆಯೇ ಎರಡು ಪದ: ಹುಡುಗ ಕರೆದರೆ ‘ನೂನಾ’, ಹುಡುಗಿ ಕರೆದರೆ ‘ಒನ್ನಿ’. ಇವುಗಳಲ್ಲಿ ಹ್ಯೊಂಗ್ ಮತ್ತು ಒನ್ನಿಗಳಿಗೆ ಅಣ್ಣ, ಅಕ್ಕ ಎಂದು ನಿಶ್ಚಿಂತೆಯಿಂದ ಬರೆಯಿರಿ. ಒಡಹುಟ್ಟಿದವನಾಗಿದ್ದಾಗ ಒಪ್ಪಾ ಕೂಡ ಅಣ್ಣನೇ. ಪ್ರೇಮದ ಪ್ರಸಂಗದಲ್ಲಿ ಮಾತ್ರ ‘ಒಪ್ಪಾ’ ಎಂದೇ ಬಿಡಿ. ಎರಡು ದಿನದಲ್ಲಿ ನಿಮ್ಮ ಅಮ್ಮನಿಗೆ ಆ ಪದ ರೂಢಿಯಾಗುತ್ತದೆ.

ಪದಕ್ಕಿಂತ ಮುಖ್ಯವಾದದ್ದು ಆ ಪದ ಬಾಯಿಗೆ ಬರುವ ಗಳಿಗೆ. ಇಲ್ಲಿ ಹೊಸಬರು ಭೇಟಿಯಾದಾಗ ವಯಸ್ಸು ಕೇಳುವುದು ಕುತೂಹಲಕ್ಕಲ್ಲ, ಯಾವ ವಚನದಲ್ಲಿ ಮಾತಾಡಬೇಕು ಎಂದು ತೀರ್ಮಾನಿಸಿಕೊಳ್ಳಲಿಕ್ಕೆ. ಹುಟ್ಟಿದ ಕೂಡಲೇ ಒಂದು ವರ್ಷ, ಪ್ರತಿ ಜನವರಿ 1ಕ್ಕೆ ಇನ್ನೊಂದು ವರ್ಷ ಎಂದು ಎಣಿಸುವ ಹಳೆಯ ಲೆಕ್ಕವನ್ನು ಸರ್ಕಾರ 2023ರ ಜೂನ್ 28ರಿಂದ ಕಾನೂನಿನ ವ್ಯವಹಾರಗಳಿಂದ ತೆಗೆದುಹಾಕಿತು, ಆದರೆ ಒಂದೇ ವರ್ಷ ಹುಟ್ಟಿದವರು ಮಾತ್ರ ‘ಚಿಂಗು’ಗಳು, ಸರಿಸಮಾನ ಗೆಳೆಯರು, ಎಂಬ ಭಾವನೆ ಹಾಗೆಯೇ ಉಳಿದಿದೆ. ಪರಿಚಯ ಬೆಳೆದ ಮೇಲೆ ಒಬ್ಬರು ‘ಮಾತನ್ನು ಕೆಳಗಿಡೋಣ’ ಎಂಬ ಅರ್ಥದ ಮಾತು ಹೇಳುತ್ತಾರೆ. ಇಂಗ್ಲಿಷ್ ಉಪಶೀರ್ಷಿಕೆಗಾರರು ಇದಕ್ಕೆ ಒದ್ದಾಡಿ ಏನೇನೋ ಬರೆಯುತ್ತಾರೆ. ನಮಗೆ ಸಿದ್ಧ ವಾಕ್ಯವೇ ಇದೆ: ‘ಬಹುವಚನ ಬೇಡ, ಏಕವಚನದಲ್ಲೇ ಮಾತಾಡಿ’. ಹಾಗೆ ಹೇಳಿಸಿಕೊಂಡವರಿಗೆ ತಕ್ಷಣ ‘ನೀನು’ ಎನ್ನಲು ನಾಲಿಗೆ ಏಳದೆ ‘ನೀವು... ನೀನು...’ ಎಂದು ತಡವರಿಸುವ ಸಂಕೋಚವೂ ಎರಡೂ ನಾಡಿನಲ್ಲಿ ಒಂದೇ.

ಇನ್ನೊಂದು ಎಚ್ಚರಿಕೆ. ಒಪ್ಪಾ ಎಂದು ಕರೆಯುವ ಹುಡುಗಿ ಅವನಿಗೆ ಬಹುವಚನವನ್ನೇ ಬಳಸುತ್ತಾಳೆ ಎಂದುಕೊಳ್ಳಬೇಡಿ. ನಮ್ಮಲ್ಲಿ ತಂಗಿ ‘ಅಣ್ಣಾ, ಬಾರೋ’ ಎನ್ನುವ ಹಾಗೆ, ಹಿರಿತನ ಕರೆಯುವ ಪದದಲ್ಲಿದ್ದರೆ ಸಲಿಗೆ ಕ್ರಿಯಾಪದದಲ್ಲಿರುತ್ತದೆ. ಗಂಡ ‘ನೀನು’, ಹೆಂಡತಿ ‘ನೀವು’ ಎಂಬ ನಮ್ಮ ಹಳೆಯ ಮನೆಗಳ ಲೆಕ್ಕವನ್ನು ಇಂದಿನ ಸೋಲ್ ನಗರದ ಜೋಡಿಗಳ ಮೇಲೆ ಹೇರಿದರೆ ಇಪ್ಪತ್ತೈದರ ಹುಡುಗಿ ನಮ್ಮ ಅಜ್ಜಿಯಂತೆ ಮಾತಾಡತೊಡಗುತ್ತಾಳೆ. ಕಿವಿಗೊಟ್ಟು ಕೇಳಿ: ‘ಯೊ’ ಇದ್ದರೆ ಬಹುವಚನ, ಇಲ್ಲದಿದ್ದರೆ ಸಾಮಾನ್ಯವಾಗಿ ಏಕವಚನ. ನಡುವಯಸ್ಸು ದಾಟಿದ ದಂಪತಿಗಳು ‘ಯೊಬೊ’ ಎಂದು ಕರೆದುಕೊಳ್ಳುವಲ್ಲಿ, ಹೆಂಡತಿಯ ಬಾಯಲ್ಲಾದರೆ ‘ರೀ’ ಎಂದು ಧಾರಾಳವಾಗಿ ಹಾಕಿ. ಗಂಡನ ಬಾಯಲ್ಲಿ ‘ಏನೇ’ ಹೊಂದಬಹುದು.

ಮತ್ತೆ, ‘ರಿಪ್ಲೈ 1988’ಕ್ಕೆ ಕೈಹಾಕಿದಾಗ ‘ಬಪ್ ಮೊಗೊಸ್ಸೊ’ ಎಂಬುದನ್ನು ‘ಅನ್ನ ತಿಂದೆಯಾ’ ಎಂದು ದಯವಿಟ್ಟು ಬರೆಯಬೇಡಿ. ಅದು ‘ಊಟ ಆಯ್ತಾ’. ಸಂಗ್‌ಮುನ್‌ದೊಂಗಿನ ಆ ಓಣಿಯಲ್ಲಿ ಮಕ್ಕಳು ಬಟ್ಟಲು ಹಿಡಿದು ಮನೆಯಿಂದ ಮನೆಗೆ ಪಲ್ಯ ಸಾಗಿಸುವುದನ್ನು ಕಂಡವರಿಗೆ ಬೇರೆ ಪದ ತೋಚುವುದೂ ಇಲ್ಲ. ಆ ಓಣಿಯ ತಾಯಂದಿರು ಒಬ್ಬರನ್ನೊಬ್ಬರು ಮಕ್ಕಳ ಹೆಸರು ಹಿಡಿದು ‘ಇಂಥವನ ಅಮ್ಮ’ ಎಂದು ಕರೆಯುವುದನ್ನೂ ಬದಲಾಯಿಸದೆ ಹಾಗೆಯೇ ಬಿಡಿ.

ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದಗಳು. ಮೂರು ಭಾನುವಾರ ಕೂತು ಒಂದು ಕಂತನ್ನು ಮುಗಿಸಿದೆ. ಒಂದೊಂದು ಕಂತೂ ಒಂದು ಗಂಟೆಗೂ ಮೀರಿರುವುದರಿಂದ ಬೆನ್ನು ಹಿಡಿದುಕೊಂಡಿದೆ. ‘ಕೆರೆದಂಡೆ’ಯವರ ‘ರಿ’ಯನ್ನು ನಮ್ಮ ತುಮಕೂರಿನ ‘ಕಣ್ರೀ’ಗೆ ಇಳಿಸಿಕೊಂಡಿದ್ದೇನೆ. ಕಂಪನಿಯ ಹುದ್ದೆಗಳಿಗೆಲ್ಲ ಹಿಂದೆ ‘ಸಾರ್’ ಸೇರಿಸಿದಾಗ ಹುದ್ದೆಯ ಹೆಸರಿಗೆ ಅಂಟುವ ಕೊರಿಯನ್ನಿನ ಗೌರವಸೂಚಕ ‘ನಿಮ್’ಗೆ ಬೇರೆ ಏನೂ ಬೇಕಾಗಲಿಲ್ಲ. ಮಾತನ್ನು ಎರಡು ತುಂಡು ಮಾಡುವ ಉಪಾಯ ಬಹಳ ಕಡೆ ಫಲಿಸಿತು, ಆದರೆ ವೇಗವಾಗಿ ಜಗಳವಾಡುವ ದೃಶ್ಯಗಳಲ್ಲಿ ಸಾಲುಗಳು ಮಿಂಚಿ ಮಾಯವಾಗುತ್ತವೆಂದು ಅಮ್ಮ ದೂರಿದ್ದರಿಂದ ಅಲ್ಲಿ ಮತ್ತೆ ಕೂಡಿಸಿದೆ.

ಕುಡಿದ ರಾತ್ರಿಯ ಆ ದೃಶ್ಯ ಬಂದಾಗ ನಾನು ಪರದೆಯನ್ನು ಬಿಟ್ಟು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಅಮ್ಮ ಏನೂ ಹೇಳಲಿಲ್ಲ, ರಿಮೋಟ್ ಇಸಿದುಕೊಂಡು ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, “‘ನಮ್ಮ ಹುಡುಗ’ ಅಂತ ಬರ್ದಿದ್ದೀಯ, ಅಷ್ಟು ಕುಡ್ದೋನು ಹಂಗೆ ಬಿಡಿಸಿ ಹೇಳ್ತಾನೇನೆ? ‘ನಮ್ ಹುಡ್ಗ’ ಅಂತ ಮಾಡು” ಎಂದರು. ಮಾಡಿದ್ದೇನೆ.