ಸಿಗಾರ್ ಕೋಣೆಯ ಹೊಗೆ: ಮನೆ ಕಟ್ಟೋರ ಗುಂಪಿನ ಪ್ರಶ್ನೋತ್ತರ, ಮೈಸೂರು–ಮಂಡ್ಯ

ಕುವೆಂಪುನಗರ: ಸಾರ್, ಮೊದಲ ಮಹಡೀಲಿ 10×12 ಅಡಿ ಕೋಣೆ, ಎತ್ತರ 10. ಸಿಗಾರ್ ಸೇದೋಕೆ ಅಂತಲೇ ಬಿಟ್ಟಿರೋದು. 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇದ್ರೂ ವಾಸನೆ ಹಾಲ್‌ಗೆ ಬರುತ್ತೆ.

ಇಂಜಿನಿಯರ್: ಕೋಣೆ 1200 ಘನ ಅಡಿ. ಸಿಗಾರಿಗೆ ಗಂಟೆಗೆ 20 ಸಲವಾದ್ರೂ ಗಾಳಿ ಬದಲಾಗ್ಬೇಕು. 1200×20÷60, ಅಂದ್ರೆ 400 ಸಿಎಫ್‌ಎಂ (ನಿಮಿಷಕ್ಕೆ 400 ಘನ ಅಡಿ ಗಾಳಿ). ನಿಮ್ಮ ಫ್ಯಾನ್ ಅದರ ಅರ್ಧನೂ ಎಳೆಯಲ್ಲ. 8 ಇಂಚಿನ ಇನ್‌ಲೈನ್ ಫ್ಯಾನ್, ಅಂದ್ರೆ ಪೈಪ್ ನಡುವೆ ಕೂರೋದು, ಹಾಕ್ಸಿ. ಡಬ್ಬಿ ಮೇಲಿನ ಅಂಕಿ ಪೈಪ್ ಜೋಡಿಸದೇ ಇದ್ದಾಗಿನದು, ಹಾಗಾಗಿ 500ರ ಮೇಲಿರೋದು ತಗೊಳ್ಳಿ. ಎಳೆಯೋ ಬಾಯಿ ಸೂರಿನ ಹತ್ತಿರ ಇರಲಿ, ಪೈಪ್ ತಾರಸಿಯ ಪ್ಯಾರಾಪೆಟ್‌ಗಿಂತ ಮೇಲೆ ಹೋಗಲಿ, ಬೆಂಡ್ ಎರಡಕ್ಕಿಂತ ಹೆಚ್ಚು ಬೇಡ.

ಎಲ್ಲರೂ ಮರೆಯೋದು ಒಳಗೆ ಬರೋ ಗಾಳಿ. ಬಾಗಿಲ ಕೆಳಗಿನ ಒಂದಿಂಚು ಸಂದು ಅಂದ್ರೆ ಬರೀ ಕಾಲು ಚದರ ಅಡಿ. ಒಳಗೆ ಗಾಳಿ ಬರ್ದಿದ್ರೆ ಫ್ಯಾನ್ ಸುಮ್ನೆ ತಿರುಗುತ್ತೆ, ಹೊಗೆ ಅಲ್ಲೇ ನಿಂತಿರುತ್ತೆ, ಬಾಗಿಲು ತೆಗೆದ ತಕ್ಷಣ ಹಾಲ್‌ಗೆ ನುಗ್ಗುತ್ತೆ. ಎದುರು ಹೊರಗೋಡೇಲಿ, ನೆಲದಿಂದ ಒಂದಡಿ ಮೇಲೆ 12×18 ಇಂಚಿನ ಜಾಲರಿ ಕೂರ್ಸಿ. ಬಾಗಿಲ ಸುತ್ತ ರಬ್ಬರ್ ಪಟ್ಟಿ ಅಂಟ್ಸಿ. ಆಮೇಲೆ ಬಾಗಿಲನ್ನ ಒಂದು ಬೆರಳಷ್ಟು ತೆರೆದು ಸಂದಿನ ಹತ್ತಿರ ಊದುಬತ್ತಿ ಹಿಡೀರಿ. ಹೊಗೆ ಎಳೆ ಕೋಣೆ ಒಳಕ್ಕೆ ಬಾಗ್ಬೇಕು. ಹೊರಗೆ ಬಾಗಿದ್ರೆ ಕೆಲ್ಸ ಮುಗ್ದಿಲ್ಲ. ಸೇದಿ ಆದ್ಮೇಲೂ ಒಂದು ಗಂಟೆ ಫ್ಯಾನ್ ಓಡ್ಲಿ.

ಸರಸ್ವತಿಪುರಂ: ಸ್ಪ್ಲಿಟ್ ಎಸಿ ಇದ್ರೆ ಸಾಕಲ್ವಾ?

ಇಂಜಿನಿಯರ್: ಸಾಲದು. ಅದು ಒಳಗಿನ ಗಾಳೀನೇ ಸುತ್ತಿಸುತ್ತೆ. ಕಾಯಿಲ್‌ಗೆ ಟಾರ್ ಅಂಟುತ್ತೆ.

ವಿಜಯನಗರ: ಫಾರ್ವರ್ಡ್ ಬಂದಿದ್ದು: ಕಾಫಿಪುಡಿ ಬಟ್ಟಲು, ಲವಂಗ ಚುಚ್ಚಿದ ನಿಂಬೆಹಣ್ಣು, ಸಂಜೆ ಸಾಂಬ್ರಾಣಿ. ಓಜೋನ್ ಮೆಷಿನ್ ಇನ್ನೂ ಒಳ್ಳೇದಂತೆ.

ಇಂಜಿನಿಯರ್: ಸಾಂಬ್ರಾಣಿ ಹಾಕಿದ್ರೆ ಹೊಗೆಗೆ ಹೊಗೆ ಸೇರುತ್ತೆ. ಕಾಫಿಪುಡಿ ಒಂದು ವಾಸನೆ ಮೇಲೆ ಇನ್ನೊಂದನ್ನ ಮುಚ್ಚುತ್ತೆ, ಅಷ್ಟೇ. ಓಜೋನ್ ಶ್ವಾಸಕೋಶಕ್ಕೇ ಹಾನಿ, ಜನ ಇರೋ ಕಡೆ ಹಚ್ಚಲೇಬೇಡಿ. ಇಂಥವನ್ನ ದಯವಿಟ್ಟು ಇಲ್ಲಿ ಹಾಕ್ಬೇಡಿ.

ರಾಮಕೃಷ್ಣನಗರ: ಹ್ಯೂಮಿಡಾರ್ (ಸಿಗಾರ್ ಒಣಗದ ಹಾಗೆ ಇಡೋ ಪೆಟ್ಟಿಗೆ) ಅದೇ ಕೋಣೇಲಿ ಇಟ್ರೆ ಸಿಗಾರ್ ಒಣಗುತ್ತಾ?

ಜಯಲಕ್ಷ್ಮೀಪುರಂ: ಇಷ್ಟು ಖರ್ಚು ಮಾಡೋ ಬದ್ಲು ಸೇದೋದು ಬಿಡಬಾರ್ದಾ? ಮನೇಲಿ ಮಕ್ಕಳಿಲ್ವಾ?

ಕುವೆಂಪುನಗರ: ನಮ್ಮನೆ ವಿಚಾರ ನಿಮಗ್ಯಾಕೆ? 2003ರ ತಂಬಾಕು ಕಾಯ್ದೇಲಿ ಸೇದಬಾರ್ದು ಅಂತಿರೋದು ಸಾರ್ವಜನಿಕ ಜಾಗಕ್ಕೆ.

ಜಯಲಕ್ಷ್ಮೀಪುರಂ: ಕಾಯ್ದೆ ನೋಡ್ಕೊಂಡು ಹೊಗೆ ಸುಮ್ನಿರುತ್ತೇನ್ರೀ?

ಬೋಗಾದಿ: ನಮ್ಮ ಅಪಾರ್ಟ್‌ಮೆಂಟಲ್ಲಿ ಕೆಳಗಿನ ಮನೆಯವ್ರು ಡಕ್ಟ್‌ಗೇ ಫ್ಯಾನ್ ತಿರುಗ್ಸಿದಾರೆ. ನಮ್ಮ ಬಾತ್‌ರೂಮ್ ತುಂಬಾ ನಾತ. ಕೇಳಿದ್ರೆ ಇದೇ ಉತ್ತರ, "ನಮ್ಮನೆ ವಿಚಾರ".

ಇಂಜಿನಿಯರ್: ಡಕ್ಟ್‌ಗೆ ಬಿಡೋದು ತಪ್ಪು. ಇನ್ನೊಂದು ಮಾತು: ಫ್ಯಾನ್ ಎಷ್ಟೇ ದೊಡ್ಡದಿರಲಿ, ಪಕ್ಕದವರಿಗೆ ಹೊಗೆಯಿಂದ ಆಗೋ ಅಪಾಯ ಪೂರ್ತಿ ಹೋಗಲ್ಲ. ಗಾಳಿ, ಎಸಿ ವ್ಯವಸ್ಥೆಯ ಇಂಜಿನಿಯರ್‌ಗಳ ಸಂಸ್ಥೆ ಆಶ್ರೇ (ASHRAE) ನಿಲುವೂ ಇದೇ. ಮಕ್ಕಳನ್ನ ಆ ಕೋಣೆಗೆ ಬಿಡ್ಬೇಡಿ. ಜಗಳ ಇಲ್ಲಿಗೆ ಸಾಕು.

ಮಂಡ್ಯ: ಅಣ್ಣಾ, ನೀವು ಹೇಳಿದ 8 ಇಂಚಿಂದೇ ಹಾಕುಸ್ತಾ ಇವ್ನಿ. ಪಕ್ಕದಲ್ಲೇ ಬಾತ್‌ರೂಮು, ಅದ್ರಲ್ಲಿ ಗ್ಯಾಸ್ ಗೀಸರ್ರು, ಹಿಂದ್ಗಡೆ ಹಂಡೆ ಒಲೆ. ಸೊಳ್ಳೆಗೆ ಅಂತ ಕಿಟಕಿ ಎಲ್ಲಾ ಮುಚ್ಚೇ ಇರ್ತವೆ. ಜಾಲರಿ ಬ್ಯಾಡ, ಬಾಗ್ಲು ಸಂದೀಲೇ ಗಾಳಿ ಬರ್ಲಿ ಅಂತಿದಾರೆ ಮೇಸ್ತ್ರಿ.

ಇಂಜಿನಿಯರ್: ಕೆಲ್ಸ ನಿಲ್ಸಿ, ಇದನ್ನ ಪೂರ್ತಿ ಓದಿ. ಕಿಟಕಿ ಮುಚ್ಚಿದ ಮನೆಯಿಂದ ನಿಮಿಷಕ್ಕೆ 400 ಘನ ಅಡಿ ಗಾಳಿ ಹೊರಗೆ ಎಳೆದ್ರೆ, ಅಷ್ಟೇ ಗಾಳಿ ಎಲ್ಲಿಂದಾದ್ರೂ ಒಳಗೆ ಬರಲೇಬೇಕು. ಹಂಡೆ ಒಲೆಯ ಚಿಮಣಿ, ಗೀಸರ್‌ಗೆ ಹೊಗೆ ಪೈಪ್ ಇದ್ರೆ ಅದು, ಎರಡೂ ತೆರೆದ ದಾರಿಗಳೇ. ಮೇಲೆ ಹೋಗ್ಬೇಕಾದ ಹೊಗೆ ಅದೇ ದಾರೀಲಿ ಕೆಳಕ್ಕೆ ಇಳಿಯುತ್ತೆ. ಸೌದೆ ಹೊಗೆಯಾದ್ರೆ ಕಣ್ಣುರಿದು ಗೊತ್ತಾಗುತ್ತೆ. ಗೀಸರ್‌ನಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಂತಿ ಬಂದಂಗಾಗೋದು, ಆಮೇಲೆ ಎಚ್ಚರ ತಪ್ಪೋದು. ಸ್ನಾನ ಮಾಡ್ತಿರೋರು ಚಿಲಕ ತೆಗೆಯೋಕೂ ಆಗಲ್ಲ.

ಬಾಗಿಲ ಸಂದಿಂದ ಗಾಳಿ ಬೇಡವೇ ಬೇಡ. ಜಾಲರಿ ನೇರ ಹೊರಗೋಡೆಗೇ ಇರ್ಬೇಕು. ಗೀಸರ್ ಬಾತ್‌ರೂಮ್ ಹೊರಗೆ, ತೆರೆದ ಜಾಗಕ್ಕೆ ಹೋಗ್ಲಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರ್ಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ತಗೊಳ್ಳಿ. ಒಲೆ ಉರೀತಿರುವಾಗ ಫ್ಯಾನ್ ಹಾಕ್ಬೇಡಿ. ಗೀಸರ್‌ಗೆ ಹೊಗೆ ಪೈಪ್ ಇದ್ಯಾ?

ಸರಸ್ವತಿಪುರಂ: ಇನ್ವರ್ಟರ್ ಎಸಿ ಆದ್ರೆ ಆಗುತ್ತಾ ಸಾರ್?

ಇಂಜಿನಿಯರ್: ಎಸಿ ಯಾವುದಾದ್ರೂ ಉತ್ತರ ಒಂದೇ. ಮೇಲೆ ನೋಡಿ.

ಮಂಡ್ಯ: ಪೈಪ್ ಇಲ್ಲ ಅಣ್ಣಾ. ಕಿಟಕೀನೂ ಇಲ್ಲ, ಮೇಲೊಂದು ಸಣ್ಣ ಗವಾಕ್ಷಿ ಅಷ್ಟೇ.

ಇಂಜಿನಿಯರ್: ಹಾಗಿದ್ರೆ ಫ್ಯಾನ್ ಹಾಕ್ಸಿದ್ರೂ ಸರಿ, ಹಾಕ್ಸದಿದ್ರೂ ಸರಿ, ಆ ಗೀಸರ್ ಈಗ್ಲೇ ಅಪಾಯ. ಇವತ್ತೇ ಸಿಲಿಂಡರ್ ರೆಗ್ಯುಲೇಟರ್ ತೆಗೆದಿಡಿ. ಅದು ಹೊರಗೆ ಹೋಗೋವರೆಗೂ ಹಂಡೆ ನೀರೇ ಆಗ್ಲಿ, ಫ್ಯಾನ್ ಆಫ್ ಆಗೇ ಇರಲಿ. ಮೇಸ್ತ್ರಿಗೆ ಈ ಮೆಸೇಜ್ ಓದ್ಸಿ.