ಸಹಾಯ ಬೇಕು: ಗಂಟಲಿನ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಬೀಡಿ ಬಿಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಇರುವುದು ಪತ್ತೆಯಾಗಿ, ವಿಕಿರಣ ಚಿಕಿತ್ಸೆ ಆರಂಭವಾಗಿದೆ. ಈ ಅವಧಿಯಲ್ಲಿ ಬೀಡಿ ಸೇದಿದರೆ ಚಿಕಿತ್ಸೆಯ ಫಲ ಕುಗ್ಗುತ್ತದೆ, ಬಾಯಿಹುಣ್ಣು ಮಾಯುವುದೂ ತಡವಾಗುತ್ತದೆ ಎಂದು ವೈದ್ಯರು ತಿಳಿಸಿದ ಮೇಲೆ ಅವರು ಬಿಡಲು ಮನಸ್ಸು ಮಾಡಿದ್ದಾರೆ. ಆದರೂ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತದೆ. "ಇನ್ನು ಬಿಟ್ಟು ಏನು ಪ್ರಯೋಜನ" ಎನ್ನುವ ನೆಂಟರ ಮಾತು ಅವರನ್ನು ಮತ್ತಷ್ಟು ಕುಗ್ಗಿಸುತ್ತಿದೆ. ರೋಗಿಯ ಎದುರು ಯಾರೂ ಹಾಗೆ ಹೇಳಬಾರದು. ಹುಣ್ಣಿನಿಂದಾಗಿ, ಬೀಡಿಯ ಹಂಬಲ ತಗ್ಗಿಸುವ ನಿಕೋಟಿನ್ ಗಮ್ ಅಗಿಯಲು ಆಗುತ್ತಿಲ್ಲ. ಇಂಥ ಸ್ಥಿತಿಯಲ್ಲಿ, ವೈದ್ಯರ ಸಲಹೆಯಂತೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಳಸಿದವರಿದ್ದರೆ ಅನುಭವ ತಿಳಿಸಿ. ತಂಬಾಕು ಬಿಡಲು ನೆರವಾಗುವ 1800-11-2356 ಸಹಾಯವಾಣಿಯಲ್ಲಿ ಕನ್ನಡದಲ್ಲಿ ಆಪ್ತಸಲಹೆ ಪಡೆದವರು, ದನಿ ಕ್ಷೀಣಿಸಿರುವ ರೋಗಿಯ ಪರವಾಗಿ ಮನೆಯವರು ಮಾತನಾಡಬಹುದೇ ಎಂಬುದನ್ನೂ ದಯವಿಟ್ಟು ಬರೆಯಿರಿ.